ಚಿಕ್ಕಪ್ಪನ ಬೋಟಿಗೆ ಬ್ಯಾಟರಿ ಕೂರಿಸಿದ ಕಥೆ

‘ತಂಗೀ, ಇದು ಎಷ್ಟು ಜೋರು ಹೋಗ್ತದೆ?’

ಪೆಟ್ರೋಲ್ ಎಂಜಿನ್ ಬದಲು ಬ್ಯಾಟರಿ ಮೋಟಾರ್ ಹಾಕೋಣ ಎಂದು ನಾನು ಹೇಳಿದಾಗ ಚಿಕ್ಕಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಪ್ರವಾಸಿಗರನ್ನು ಕಾಂಡ್ಲಾ ಕಾಡಿನ ನಡುವೆ ಸುತ್ತಿಸಿ ತರುವುದು ಅವರ ಕೆಲಸ. ಮಳೆಗಾಲ ಮುಗಿದ ಮೇಲೆ ಶುರುವಾಗುವ ಈ ದುಡಿಮೆ ಮುಂದಿನ ಮಳೆ ಬರುವವರೆಗೆ ಮಾತ್ರ. ಒಂದು ಟ್ರಿಪ್‌ಗೆ ಹೆಚ್ಚುಕಡಿಮೆ ಎರಡು ಲೀಟರ್ ಪೆಟ್ರೋಲ್ ಸುಡುತ್ತಿತ್ತು. ಭಾನುವಾರ ಐದು ಟ್ರಿಪ್ ಹೊಡೆದರೂ ಸಂಜೆ ಲೆಕ್ಕ ಹಾಕುವಾಗ ಸಾವಿರ ರೂಪಾಯಿ ಬಂಕಿಗೇ ಹೋಗಿರುತ್ತಿತ್ತು.

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಒಂದು ವರ್ಷ ಎಲೆಕ್ಟ್ರಿಕ್ ಸ್ಕೂಟರ್ ಸರ್ವಿಸ್ ಸೆಂಟರಿನಲ್ಲಿ ಕೆಲಸ ಮಾಡಿ ಊರಿಗೆ ಬಂದಿದ್ದೆ. ಬ್ಯಾಟರಿ ಬಿಚ್ಚುವುದು, ಕಂಟ್ರೋಲರ್ ಪರೀಕ್ಷಿಸುವುದು ಗೊತ್ತಿತ್ತು. ಸ್ಕೂಟರಿಗೆ ಹಾಕಿದ್ದನ್ನೇ ದೋಣಿಗೆ ಹಾಕಿದರಾಯಿತು ಎಂದುಕೊಂಡಿದ್ದೆ. ಅದು ಎಷ್ಟು ತಪ್ಪು ಲೆಕ್ಕ ಎಂಬುದನ್ನು ನದಿಯೇ ಕಲಿಸಿತು.

ಹೊಸದಲ್ಲ, ಹಳೆಯದೇ

ಬ್ಯಾಟರಿ ದೋಣಿ ಎಂದರೆ ನಿನ್ನೆ ಮೊನ್ನೆ ಬಂದದ್ದು ಎಂದು ನಾವು ಭಾವಿಸುತ್ತೇವೆ. ಆದರೆ ಮೊರಿಟ್ಜ್ ಯಾಕೋಬಿ ಎಂಬ ವಿಜ್ಞಾನಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ನೇವಾ ನದಿಯಲ್ಲಿ ಹತ್ತಕ್ಕೂ ಹೆಚ್ಚು ಜನರನ್ನು ಕೂರಿಸಿಕೊಂಡು ವಿದ್ಯುತ್ ದೋಣಿ ಓಡಿಸಿದ್ದು 1838ರಲ್ಲಿ. 1881ರಲ್ಲಿ ಫ್ರಾನ್ಸಿನ ಗುಸ್ತಾವ್ ತ್ರೂವೆ ದೋಣಿಯ ಹಿಂಬದಿಗೆ ಸಿಕ್ಕಿಸಿ ತೆಗೆಯಬಹುದಾದ ವಿದ್ಯುತ್ ಮೋಟಾರನ್ನು ಪ್ಯಾರಿಸ್‌ನ ಸೇನ್ ನದಿಯಲ್ಲಿ ಓಡಿಸಿ ತೋರಿಸಿದ. 1893ರ ಷಿಕಾಗೊ ವಿಶ್ವ ಮೇಳದಲ್ಲಿ ಐವತ್ತಕ್ಕೂ ಹೆಚ್ಚು ವಿದ್ಯುತ್ ದೋಣಿಗಳು ಜನರನ್ನು ಸುತ್ತಾಡಿಸಿದ್ದವು. ಆಮೇಲೆ ಪೆಟ್ರೋಲ್ ಎಂಜಿನ್ ಅಗ್ಗವಾಯಿತು, ಸೀಸದ ಬ್ಯಾಟರಿಯ ಭಾರ ಯಾರಿಗೂ ಬೇಡವಾಯಿತು. ಆದರೂ ಜರ್ಮನಿಯ ಕ್ಯೋನಿಗ್ಸೀ ಸರೋವರದಲ್ಲಿ 1909ರಿಂದಲೂ ಪ್ರವಾಸಿಗರನ್ನು ಒಯ್ಯುತ್ತಿರುವುದು ವಿದ್ಯುತ್ ದೋಣಿಗಳೇ.

ನಮಗೆ ಹತ್ತಿರದ ಉದಾಹರಣೆ ಕೇರಳದ ‘ಆದಿತ್ಯ’. ವೈಕ್ಕಂನಿಂದ ತವಣಕ್ಕಡವಿಗೆ ವೇಂಬನಾಡು ಸರೋವರ ದಾಟಿಸುವ 75 ಸೀಟಿನ ಈ ಸೌರ ದೋಣಿ 2017ರ ಜನವರಿಯಲ್ಲಿ ಓಡಾಟ ಶುರು ಮಾಡಿತು. ಅದರಲ್ಲಿರುವುದು 20 ಕಿಲೋವಾಟ್‌ನ ಎರಡು ಮೋಟಾರ್, ಸುಮಾರು 50 ಯೂನಿಟ್ ಹಿಡಿಯುವ ಬ್ಯಾಟರಿ, ಚಾವಣಿಯ ಮೇಲೆ 20 ಕಿಲೋವಾಟ್‌ನ ಸೌರ ಫಲಕ. ಎಪ್ಪತ್ತೈದು ಜನರಿಗೆ ಅಷ್ಟು ಸಾಕಾದರೆ ನಮ್ಮ ಎಂಟು ಜನರ ಬೋಟಿಗೆ ಎಷ್ಟು ಬೇಕು? ಅಲ್ಲಿಂದಲೇ ನನ್ನ ಲೆಕ್ಕ ಆರಂಭವಾಯಿತು. ಒಂದು ವ್ಯತ್ಯಾಸ ಮಾತ್ರ ನೆನಪಿಡಬೇಕು. ಆದಿತ್ಯ ಹುಟ್ಟಿದ್ದೇ ವಿದ್ಯುತ್ ದೋಣಿಯಾಗಿ. ನೀರನ್ನು ಸುಲಭವಾಗಿ ಸೀಳಿಕೊಂಡು ಹೋಗಲೆಂದು ಅದಕ್ಕೆ ಎರಡು ಸಪೂರ ಒಡಲುಗಳನ್ನು ಕೊಟ್ಟಿದ್ದಾರೆ. ನಮ್ಮದು ಪೆಟ್ರೋಲಿಗೆಂದೇ ಕಟ್ಟಿದ ಅಗಲ ಹೊಟ್ಟೆಯ ಹಳೆ ಫೈಬರ್ ಬೋಟು. ಇದ್ದುದರಲ್ಲೇ ಒಗ್ಗಿಸಬೇಕಿತ್ತು.

ಹಾರ್ಸ್‌ಪವರ್ ಎಂಬ ಭ್ರಮೆ

ಬೋಟಿನ ಹಿಂದಿದ್ದದ್ದು 9.9 ಹಾರ್ಸ್‌ಪವರ್‌ನ ಎಂಜಿನ್. ಅಂದರೆ ಸುಮಾರು 7.4 ಕಿಲೋವಾಟ್. ಅಷ್ಟೇ ಶಕ್ತಿಯ ಮೋಟಾರ್, ಇಡೀ ದಿನಕ್ಕಾಗುವಷ್ಟು ಬ್ಯಾಟರಿ ಎಂದು ಲೆಕ್ಕ ಹಾಕಿದರೆ ಬೋಟಿನ ಬೆಲೆಗಿಂತ ಬ್ಯಾಟರಿಯದೇ ಹೆಚ್ಚಾಗುತ್ತಿತ್ತು. ಹೆಚ್ಚಿನವರು ಕೈಬಿಡುವುದು ಇಲ್ಲೇ.

ಆದರೆ ಬೋಟಿಗೆ ನಿಜಕ್ಕೂ ಅಷ್ಟು ಶಕ್ತಿ ಬೇಕೆ? ನೀರನ್ನು ತಳ್ಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ಒಂದು ವೇಗದ ಮಿತಿ ಹಾಕುತ್ತದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್ ಲೆಕ್ಕದಲ್ಲಿ ಸಿಗುತ್ತದೆ. ನಮ್ಮ ಬೋಟಿನದು 20 ಅಡಿ. ಹಾಗಾಗಿ ಮಿತಿ ಸುಮಾರು 6 ನಾಟ್, ಅಂದರೆ ಗಂಟೆಗೆ 11 ಕಿಲೋಮೀಟರ್. ಅದರ ಹತ್ತಿರ ಹೋದಂತೆಲ್ಲ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ. ಆಗ ಪೆಟ್ರೋಲ್ ಸುಡುವುದು ವೇಗಕ್ಕಲ್ಲ, ಅಲೆ ಎಬ್ಬಿಸಲಿಕ್ಕೆ.

ಅದಕ್ಕಿಂತ ಕೆಳಗಿನ ವೇಗದಲ್ಲೂ ಒಂದು ಅಂದಾಜು ಸೂತ್ರವಿದೆ. ವೇಗ ದುಪ್ಪಟ್ಟಾದರೆ ಬೇಕಾಗುವ ಶಕ್ತಿ ಎಂಟು ಪಟ್ಟು. ಇದನ್ನೇ ತಿರುಗಿಸಿ ಓದಿ: ವೇಗ ಸ್ವಲ್ಪ ಇಳಿಸಿದರೆ ಶಕ್ತಿಯ ಖರ್ಚು ದೊಡ್ಡದಾಗಿ ಇಳಿಯುತ್ತದೆ. ನಮ್ಮ ಬೋಟಿನಲ್ಲಿ ಆಮೇಲೆ ಅಳೆದಾಗ ಗಂಟೆಗೆ 6 ಕಿಲೋಮೀಟರ್ ವೇಗಕ್ಕೆ 0.9 ಕಿಲೋವಾಟ್ ಸಾಕಾಯಿತು. ಎಂಟಕ್ಕೆ 2.1 ಬೇಕಾಯಿತು. ಹತ್ತಕ್ಕೆ ಏರಿಸಿದಾಗ ಮೀಟರ್ 4.6 ತೋರಿಸಿತು!

ಕಾಂಡ್ಲಾ ಕಾಡು ನೋಡಲು ಬರುವ ಪ್ರವಾಸಿಗೆ ಗಂಟೆಗೆ 10 ಕಿಲೋಮೀಟರ್ ಬೇಕಾಗಿಲ್ಲ. ಅವರೇ ‘ಸ್ವಲ್ಪ ನಿಲ್ಲಿಸಿ, ಫೋಟೊ ತೆಗೀಬೇಕು’ ಎನ್ನುತ್ತಾರೆ. ಹಾಗಾಗಿ 4 ಕಿಲೋವಾಟ್‌ನ ಮೋಟಾರ್, 10 ಯೂನಿಟ್ ಹಿಡಿಯುವ ಬ್ಯಾಟರಿ ಸಾಕು ಎಂದು ನಿರ್ಧರಿಸಿದೆವು.

ಸೀಜ್ ಆದ ಎಂಜಿನ್ನಿಗೆ ಮರುಜನ್ಮ

ಓಡುತ್ತಿದ್ದ ಎಂಜಿನ್ನಿಗೆ ಕೈ ಹಚ್ಚಲು ಚಿಕ್ಕಪ್ಪ ಬಿಡಲಿಲ್ಲ. ಅದು ಅವರ ಅನ್ನ. ಶೆಡ್ಡಿನ ಮೂಲೆಯಲ್ಲಿ ಸೀಜ್ ಆಗಿ ಬಿದ್ದಿದ್ದ ಇನ್ನೊಂದು ಹಳೆ ಎಂಜಿನ್ ತೋರಿಸಿ, ‘ಇದನ್ನ ಏನು ಬೇಕಾರೂ ಮಾಡು’ ಎಂದರು. ನನಗೆ ಬೇಕಾದ್ದೂ ಅದೇ. ಸೀಜ್ ಆಗಿದ್ದದ್ದು ಮೇಲಿನ ಎಂಜಿನ್ ಭಾಗ ಮಾತ್ರ. ಕೆಳಗಿನ ಕಾಲು, ಅದರೊಳಗಿನ ಶಾಫ್ಟ್, ಗೇರ್, ಪ್ರೊಪೆಲ್ಲರ್ ಎಲ್ಲ ಗಟ್ಟಿಯಾಗಿದ್ದವು.

ಎಂಜಿನ್ ತಲೆಯನ್ನು ಬಿಚ್ಚಿ ತೆಗೆದು, ಅದೇ ಜಾಗದಲ್ಲಿ ದಪ್ಪ ಅಲ್ಯೂಮಿನಿಯಂ ಪ್ಲೇಟ್ ಕೂರಿಸಿ ಮೋಟಾರ್ ನಿಲ್ಲಿಸಿದೆವು. ಮೋಟಾರಿನ ಶಾಫ್ಟನ್ನೂ ಕಾಲಿನ ಶಾಫ್ಟನ್ನೂ ಜೋಡಿಸುವ ಕಪ್ಲಿಂಗ್ ಲೇತ್‌ನಲ್ಲಿ ಮಾಡಿಸಬೇಕಾಯಿತು. ಮೊದಲ ಕಪ್ಲಿಂಗ್ ಕೂದಲೆಳೆಯಷ್ಟು ಓರೆಯಾಗಿತ್ತು. ನೀರಿಗಿಳಿಸಿದಾಗ ಇಡೀ ಬೋಟು ನಡುಗಿತು. ಎರಡನೆಯದು ಸರಿಹೋಯಿತು. ಎಂಜಿನ್ ತಂಪಾಗಿಡಲು ನೀರೆತ್ತುವ ಪಂಪ್ ಈಗ ಬೇಕಿರಲಿಲ್ಲ, ತೆಗೆದೆವು. ಗೇರನ್ನು ಮುಂದಕ್ಕೇ ಹಾಕಿ ಬಿಟ್ಟೆವು, ಏಕೆಂದರೆ ಮೋಟಾರನ್ನು ಸ್ವಿಚ್ಚಿನಲ್ಲೇ ಹಿಂದಕ್ಕೆ ತಿರುಗಿಸಬಹುದು. ಮೋಟಾರಿನ ಸುತ್ತುಗಳು ಪೆಟ್ರೋಲ್ ಎಂಜಿನ್ನಿಗಿಂತ ಕಡಿಮೆ. ಅದಕ್ಕೆ ತಕ್ಕಂತೆ ಒಂದು ಸುತ್ತಿಗೆ ಹೆಚ್ಚು ದೂರ ತಳ್ಳುವ, ಎಲೆಗಳ ಓರೆ ಹೆಚ್ಚಿರುವ ಪ್ರೊಪೆಲ್ಲರ್ ಹುಡುಕಿ ತಂದೆವು.

ಬ್ಯಾಟರಿಗೆ ಲಿಥಿಯಂ ಐರನ್ ಫಾಸ್ಫೇಟ್ ಆರಿಸಿಕೊಂಡೆ. ಇದು ಇತರ ಲಿಥಿಯಂ ಬ್ಯಾಟರಿಗಳಿಗಿಂತ ಸ್ವಲ್ಪ ಭಾರ. ಆದರೆ ಬೆಂಕಿಯ ಅಪಾಯ ಕಡಿಮೆ, ಬಾಳಿಕೆ ಹೆಚ್ಚು. 51.2 ವೋಲ್ಟ್, 100 ಆಂಪಿಯರ್ ಅವರ್‌ನ ಎರಡು ಪೆಟ್ಟಿಗೆಗಳು ಸೇರಿ ಸುಮಾರು 90 ಕಿಲೋ ತೂಗಿದವು. ಅವನ್ನು ಹಿಂದೆ ಇಟ್ಟರೆ ಬೋಟಿನ ಹಿಂಬದಿ ಮುಳುಗುತ್ತದೆ. ನಡುವಿನ ಸೀಟಿನ ಕೆಳಗೆ, ತಳದಲ್ಲಿ ನಿಲ್ಲುವ ನೀರು ತಾಗದಷ್ಟು ಎತ್ತರದಲ್ಲಿ, ಅಲುಗದಂತೆ ಬಿಗಿದೆವು.

ಸ್ಕೂಟರ್ ಕೆಲಸದಲ್ಲಿ ಕಲಿಯದ ಒಂದು ಪಾಠ ಉಪ್ಪುನೀರಿನದು. ಅಳಿವೆಯ ನೀರು ಸಮುದ್ರದ ಪಾಲು ಹೊತ್ತಿರುತ್ತದೆ. ಸಾದಾ ತಾಮ್ರದ ತಂತಿಯ ತುದಿ ಎರಡೇ ವಾರದಲ್ಲಿ ಹಸಿರಾಯಿತು. ತವರ ಲೇಪಿಸಿದ ದಪ್ಪ ಕೇಬಲ್ ಹಾಕಿ ಮತ್ತೆ ಜೋಡಿಸಿದೆವು. 4 ಕಿಲೋವಾಟ್ ಎಂದರೆ ಈ ವೋಲ್ಟೇಜಿನಲ್ಲಿ 80 ಆಂಪಿಯರ್‌ನಷ್ಟು ಕರೆಂಟು. ಸಪೂರ ತಂತಿ ಹಾಕಿದರೆ ಅದೇ ಹೀಟರ್ ಆಗುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಕೆಲಸ ಮಾಡುವಾಗ ಕೈಯಲ್ಲಿ ಉಂಗುರ, ಬಳೆ ಇರಬಾರದು. ಈ ವೋಲ್ಟೇಜ್ ಶಾಕ್ ಹೊಡೆಯುವುದಕ್ಕಿಂತ ಶಾರ್ಟ್ ಆದಾಗ ಸುಡುವುದೇ ಹೆಚ್ಚು.

ಬಳೆ ಎಂದಾಗ ಹೇಳಲೇಬೇಕು. ಬ್ಯಾಟರಿಗೆ 1.6 ಲಕ್ಷ, ಮೋಟಾರ್ ಮತ್ತು ಕಂಟ್ರೋಲರಿಗೆ 58 ಸಾವಿರ, ಚಾರ್ಜರ್, ಕೇಬಲ್, ಫ್ಯೂಸುಗಳಿಗೆ 32 ಸಾವಿರ, ಲೇತ್ ಕೆಲಸ, ಪ್ರೊಪೆಲ್ಲರ್, ಫೈಬರ್ ಕೆಲಸಕ್ಕೆ 20 ಸಾವಿರ. ಒಟ್ಟು 2.7 ಲಕ್ಷ. ಅದರಲ್ಲಿ 40 ಸಾವಿರ ನನ್ನ ಸಂಬಳದ ಉಳಿತಾಯ. ಉಳಿದದ್ದರಲ್ಲಿ ಒಂದೂವರೆ ಲಕ್ಷ ಬಂದದ್ದು ಚಿಕ್ಕಮ್ಮ ತಮ್ಮ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟು. ‘ನೀನು ಓದಿದ್ದು ಉಪಯೋಗಕ್ಕೆ ಬರ್ಲಿ ಬಿಡು’ ಎಂದಷ್ಟೇ ಅವರು ಹೇಳಿದ್ದು.

ಹಗ್ಗದಲ್ಲಿ ಬಂದ ಬೋಟು

ಅಕ್ಟೋಬರ್‌ನ ಒಂದು ಮಧ್ಯಾಹ್ನ. ಪ್ರವಾಸಿಗರನ್ನು ಕೂರಿಸುವ ಮೊದಲು ಮನೆಯವರೇ ಸೇರಿ ಒಂದು ಸುತ್ತು ಹೋಗೋಣ ಎಂದು ಚಿಕ್ಕಮ್ಮ, ಅವರ ಇಬ್ಬರು ಮಕ್ಕಳು, ಚಿಕ್ಕಪ್ಪ, ನಾನು ಲೈಫ್ ಜಾಕೆಟ್ ಹಾಕಿ ಹೊರಟೆವು. ಮೀಟರ್ ಶೇ 60 ತೋರಿಸುತ್ತಿತ್ತು. ನೀರಿನ ಇಳಿತದ ಹೊತ್ತು. ಅಳಿವೆ ಬಾಯಿಯ ಕಡೆಗೆ ಬೋಟು ಸದ್ದೇ ಇಲ್ಲದೆ ಜಾರಿತು. ಎಂಜಿನ್ ಮೊರೆತವಿಲ್ಲದ ಬೋಟಿನಲ್ಲಿ ಮಕ್ಕಳು ಪಿಸುಗುಟ್ಟಿದರೂ ಕೇಳುತ್ತಿತ್ತು. ಚಿಕ್ಕಪ್ಪ ಮೊದಲ ಬಾರಿಗೆ ನಕ್ಕರು.

ವಾಪಸ್ ತಿರುಗಿದಾಗ ನೀರು ಎದುರಾಯಿತು. ಇಳಿತದ ಸೆಳೆತವೇ ಗಂಟೆಗೆ 3 ಕಿಲೋಮೀಟರ್ ಇದ್ದಿರಬೇಕು. ದಡ ಹಿಂದೆ ಸರಿಯುವುದು ನಿಧಾನವಾದಾಗ ಪೆಟ್ರೋಲ್ ಬೋಟಿನ ಅಭ್ಯಾಸದಂತೆ ಚಿಕ್ಕಪ್ಪ ಥ್ರಾಟಲ್ ಪೂರ್ತಿ ತಿರುಗಿಸಿದರು. ಹತ್ತು ನಿಮಿಷವೂ ಆಗಿರಲಿಲ್ಲ, ಮೋಟಾರ್ ಒಮ್ಮೆಲೇ ನಿಂತಿತು. ಮೀಟರ್ ಆಗಲೂ ಶೇ 50ರ ಮೇಲೇ ತೋರಿಸುತ್ತಿತ್ತು! ಬೋಟು ಅಡ್ಡ ತಿರುಗಿ ಸಮುದ್ರದ ಕಡೆಗೆ ಸಾಗತೊಡಗಿತು. ಚಿಕ್ಕಮ್ಮ ಮಕ್ಕಳಿಬ್ಬರನ್ನೂ ತಬ್ಬಿ ಕೂತರು. ನನ್ನ ಕೈ ನಡುಗುತ್ತಿತ್ತು, ಯಾವ ವೈರ್ ಮುಟ್ಟಬೇಕೆಂದೇ ತೋಚಲಿಲ್ಲ. ಚಿಕ್ಕಪ್ಪ ಒಂದೂ ಮಾತಾಡದೆ ಲಂಗರು ಎಸೆದರು. ಅದು ಮರಳಿನಲ್ಲಿ ಎರಡು ಸಲ ಎಳೆದು ಮೂರನೆಯ ಸಲ ಹಿಡಿಯಿತು.

ಮೀನು ಹಿಡಿದು ಮರಳುತ್ತಿದ್ದವರೊಬ್ಬರು ತಮ್ಮ ದೋಣಿಗೆ ಹಗ್ಗ ಕಟ್ಟಿ ನಮ್ಮನ್ನು ಧಕ್ಕೆಗೆ ಎಳೆದು ತಂದರು. ‘ಬ್ಯಾಟರಿ ಬೋಟು ಹಗ್ಗದಲ್ಲಿ ಬಂತು’ ಎಂಬ ಮಾತು ಸಂಜೆಯೊಳಗೆ ಊರೆಲ್ಲ ಹರಡಿತ್ತು. ಅಂದು ರಾತ್ರಿ ಚಿಕ್ಕಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಪ್ಪು ಬ್ಯಾಟರಿಯದಲ್ಲ, ನನ್ನದು. ನಾನು ಹಾಕಿದ್ದು ವೋಲ್ಟೇಜ್ ನೋಡಿ ಚಾರ್ಜ್ ಅಂದಾಜು ಮಾಡುವ ಅಗ್ಗದ ಮೀಟರ್. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಸ್ವಭಾವವೇ ಬೇರೆ. ಹೆಚ್ಚುಕಡಿಮೆ ಖಾಲಿಯಾಗುವವರೆಗೂ ಅದರ ವೋಲ್ಟೇಜ್ ಸಮತಟ್ಟಾಗಿಯೇ ಇರುತ್ತದೆ, ಕೊನೆಗೆ ಒಮ್ಮೆಲೇ ಬೀಳುತ್ತದೆ. ಹಿಂದಿನ ದಿನಗಳ ಪರೀಕ್ಷೆಗಳಲ್ಲಿ ಖರ್ಚಾಗಿದ್ದು ಆ ಮೀಟರಿಗೆ ಕಾಣಲೇ ಇಲ್ಲ. ಸೆಲ್‌ಗಳನ್ನು ಕಾಯುವ ಬಿಎಂಎಸ್ ಸರ್ಕ್ಯೂಟ್ ತನ್ನ ಕೆಲಸ ತಾನು ಮಾಡಿ ಕರೆಂಟು ಕಡಿದಿತ್ತು. ಬೇಕಿದ್ದದ್ದು ಒಳಹೋದ, ಹೊರಬಂದ ಪ್ರತಿ ಆಂಪಿಯರನ್ನೂ ಎಣಿಸುವ ಷಂಟ್ ಮೀಟರ್. ರಸ್ತೆಯಲ್ಲಿ ಸ್ಕೂಟರ್ ನಿಂತರೆ ತಳ್ಳಿಕೊಂಡು ಹೋಗಬಹುದು. ನೀರಿನಲ್ಲಿ ಆ ಅನುಕೂಲವಿಲ್ಲ.

ಮುಂದಿನ ಒಂದು ತಿಂಗಳು ಬೋಟು ನೀರಿಗಿಳಿಯಲಿಲ್ಲ. ಷಂಟ್ ಮೀಟರ್ ಹಾಕಿದೆ. ಶೇ 30ಕ್ಕೆ ಕೂಗುವ ಅಲಾರಂ ಇಟ್ಟೆ. ಥ್ರಾಟಲ್ 3 ಕಿಲೋವಾಟ್ ಮೀರದಂತೆ ಕಂಟ್ರೋಲರಿನಲ್ಲಿ ಮಿತಿ ಹಾಕಿ, ತುರ್ತಿಗೆ ಮಾತ್ರ ಒತ್ತುವ ಬೇರೆ ಬಟನ್ ಕೊಟ್ಟೆ. ಎರಡು ಹುಟ್ಟು ಮತ್ತು ಲಂಗರು ಬೋಟಿನಿಂದ ಇಳಿಯಕೂಡದು ಎಂದಾಯಿತು. ಹೊರಡುವ ಹೊತ್ತನ್ನು ಉಬ್ಬರ ಇಳಿತದ ಪಟ್ಟಿ ನೋಡಿ ಗೊತ್ತು ಮಾಡಿದೆವು. ಮೊದಲು ನೀರಿಗೆ ಎದುರು ಹೋಗುವುದು, ನೀರಿನ ಜೊತೆ ಮರಳುವುದು. ಎಂಜಿನ್ ಬದಲಾವಣೆಯನ್ನು ನೋಂದಣಿಯಲ್ಲಿ ದಾಖಲಿಸಿ, ತಪಾಸಣೆ ಮಾಡಿಸಿ, ವಿಮೆಯವರಿಗೂ ತಿಳಿಸಿದ ಮೇಲೆಯೇ ಪ್ರವಾಸಿಗರನ್ನು ಕೂರಿಸಿದ್ದು. ಈ ಕಾಗದದ ಕೆಲಸ ಬಿಟ್ಟು ಜನರನ್ನು ಹತ್ತಿಸುವ ಧೈರ್ಯ ಯಾರೂ ಮಾಡಬಾರದು.

ಲೆಕ್ಕ ಏನು ಹೇಳುತ್ತದೆ?

ಮೇ ತಿಂಗಳಿಗೆ ಸೀಸನ್ ಮುಗಿದಾಗ 460 ಟ್ರಿಪ್ ಆಗಿತ್ತು. ಒಂದು ಟ್ರಿಪ್‌ಗೆ ಸರಾಸರಿ ಒಂದೂವರೆ ಯೂನಿಟ್. ಚಾರ್ಜರಿನ ನಷ್ಟ ಸೇರಿಸಿದರೂ ಕರೆಂಟಿನ ಖರ್ಚು 15 ರೂಪಾಯಿ ದಾಟಲಿಲ್ಲ. ಪೆಟ್ರೋಲಿನದು ಇನ್ನೂರು ದಾಟುತ್ತಿತ್ತು. ಟ್ರಿಪ್‌ಗೆ 190 ರೂಪಾಯಿ ಉಳಿತಾಯವೆಂದರೂ ವರ್ಷಕ್ಕೆ 87 ಸಾವಿರ. ಹಾಕಿದ ಹಣ ಮೂರು ವರ್ಷದ ಮೇಲೆ ಸ್ವಲ್ಪ ದಿನಕ್ಕೆ ವಾಪಸ್.

ಆದರೆ ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಓದಬೇಕು. ಈ ಉಳಿತಾಯದಲ್ಲಿ ಒಂದು ಪಾಲು ಬ್ಯಾಟರಿಯದು, ಇನ್ನೊಂದು ಪಾಲು ನಿಧಾನದ್ದು. ಪೆಟ್ರೋಲಿನಲ್ಲಿ ಗಂಟೆಗೆ 9 ಕಿಲೋಮೀಟರ್ ಓಡುತ್ತಿದ್ದ ಬೋಟು ಈಗ ಏಳರಲ್ಲಿ ಓಡುತ್ತಿದೆ. ಪ್ರವಾಸಿಗರು ಫೋಟೊ ತೆಗೆಯುವಾಗ ಮೊದಲು ಎಂಜಿನ್ ಸುಮ್ಮನೆ ಉರಿಯುತ್ತಿತ್ತು, ಮೋಟಾರ್ ಆಗ ಏನೂ ತಿನ್ನುವುದಿಲ್ಲ. ವರ್ಷಕ್ಕೆ 460 ಟ್ರಿಪ್ ಬದಲು ನೂರೇ ಟ್ರಿಪ್ ಇದ್ದರೆ ಹಣ ಮರಳಲು 14 ವರ್ಷ ಬೇಕು. ರಜೆಗೊಮ್ಮೆ ಹೊರಗೆ ತೆಗೆಯುವ ಶೋಕಿ ಬೋಟಿಗೆ ಇದು ದುಡ್ಡು ಉಳಿಸುವ ದಾರಿಯಲ್ಲ. ಹೊಗೆ, ಸದ್ದು ಬೇಡವೆನ್ನುವವರು ಮಾಡಿಸಿಕೊಳ್ಳಬಹುದು, ಅಷ್ಟೆ. ಅಳಿವೆ ಬಾಯಿ ದಾಟಿ ದೂರ ಹೋಗುವ ಟ್ರಿಪ್‌ಗಳಿಗೆ ಚಿಕ್ಕಪ್ಪ ಈಗಲೂ ಎರಡನೇ ಬೋಟು, ಅದರ ಪೆಟ್ರೋಲ್ ಎಂಜಿನ್ನನ್ನೇ ಬಳಸುತ್ತಾರೆ. ಅದೇ ಸರಿ ಕೂಡ.

ಚಾವಣಿಗೆ ಸೌರ ಫಲಕ ಹಾಕಬಾರದೇ ಎಂದು ಹಲವರು ಕೇಳುತ್ತಾರೆ. ನಮ್ಮ ಬೋಟಿನ ಚಾವಣಿಗೆ ಹೆಚ್ಚೆಂದರೆ ನಾಲ್ಕು ಫಲಕ ಹಿಡಿಸುತ್ತವೆ. ಅಷ್ಟು ಭಾರ ತಲೆಯ ಮೇಲಿದ್ದರೆ ಸಣ್ಣ ಬೋಟು ತೂಗಾಡುತ್ತದೆ, ಗಾಳಿಯೂ ಹಿಡಿಯುತ್ತದೆ. ಸದ್ಯಕ್ಕೆ ರಾತ್ರಿ ಶೆಡ್ಡಿನ ಪ್ಲಗ್ಗಿನಲ್ಲೇ ಚಾರ್ಜ್. ಮೇಲೆ ಗೇರುಸೊಪ್ಪೆಯಲ್ಲಿ ಇದೇ ನದಿಯಿಂದ 240 ಮೆಗಾವಾಟ್ ವಿದ್ಯುತ್ ತೆಗೆಯುವ ಸ್ಥಾವರವಿದೆ. ಅದರಲ್ಲಿ ಹತ್ತು ಯೂನಿಟ್ ನದಿಯ ಬೋಟಿಗೂ ಸಿಗಲಿ ಎಂದು ಚಿಕ್ಕಪ್ಪ ತಮಾಷೆ ಮಾಡುತ್ತಾರೆ.

ಹಣದ ಲೆಕ್ಕಕ್ಕೆ ಸಿಗದ್ದೂ ಒಂದಿದೆ. ಮೊದಲು ಎಂಜಿನ್ ಸದ್ದಿಗೆ ಕಾಂಡ್ಲಾ ಕಾಲುವೆ ಹೊಕ್ಕ ಕೂಡಲೇ ಹಕ್ಕಿಗಳು ಎದ್ದು ಹೋಗುತ್ತಿದ್ದವು. ಈಗ ಮಿಂಚುಳ್ಳಿ ಕೊಂಬೆ ಬಿಡುವ ಮೊದಲು ಪ್ರವಾಸಿಗರು ಕ್ಯಾಮೆರಾ ತೆಗೆಯುವಷ್ಟು ಸಮಯ ಸಿಗುತ್ತದೆ. ಚಿಕ್ಕಪ್ಪ ಈಗ ಕೂಗದೆ ಕಾಂಡ್ಲಾ ಬೇರಿನ ಬಗ್ಗೆ, ಬಳಚು ಆರಿಸುವ ಹೆಂಗಸರ ಬಗ್ಗೆ ಮಾತಾಡುತ್ತಾರೆ. ಇಷ್ಟೆಲ್ಲ ಕಥೆ ಅವರಿಗೆ ಗೊತ್ತಿದೆ ಎಂದು ನನಗೂ ತಿಳಿದಿರಲಿಲ್ಲ.

ಕೆಲಸ ಹುಡುಕುತ್ತಿರುವ ಗೆಳೆಯ ಗೆಳತಿಯರಿಗೆ ಹೇಳಬೇಕಾದ್ದು ಇಷ್ಟೆ. ಈ ಕೆಲಸಕ್ಕೆ ಬೇಕಾದ ಯಾವ ವಿದ್ಯೆಯೂ ಹೊಸದಲ್ಲ. ಲೇತ್ ಹಿಡಿಯಬಲ್ಲ ಐಟಿಐ ಹುಡುಗರಿದ್ದಾರೆ. ಸ್ಕೂಟರ್ ಬ್ಯಾಟರಿ ಬಿಚ್ಚಿ ಕಟ್ಟಬಲ್ಲವರಿದ್ದಾರೆ. ಫೈಬರ್ ಕೆಲಸ ಬಲ್ಲವರು ಪ್ರತಿ ಬಂದರಿನಲ್ಲೂ ಇದ್ದಾರೆ. ಇವರನ್ನೆಲ್ಲ ಒಂದು ಬೋಟಿನ ಮುಂದೆ ನಿಲ್ಲಿಸುವವರು ಬೇಕು. ಜೊತೆಗೆ ನೀರು ಬಲ್ಲ ಹಿರಿಯರೊಬ್ಬರು ಇರಲೇಬೇಕು. ನನ್ನ ಲೆಕ್ಕದ ಪುಸ್ತಕದಲ್ಲಿ ಇಳಿತದ ಸೆಳೆತ ಇರಲಿಲ್ಲ, ಚಿಕ್ಕಪ್ಪನ ಕೈಯಲ್ಲಿ ಲಂಗರು ಇತ್ತು. ನನಗೆ ಇನ್ನೂ ಇದು ಪೂರ್ತಿ ಸಂಬಳದ ಕೆಲಸವಾಗಿಲ್ಲ. ವಾರಕ್ಕೆ ನಾಲ್ಕು ದಿನ ಸ್ಕೂಟರ್ ರಿಪೇರಿ ಮಾಡುತ್ತೇನೆ. ಚಿಕ್ಕಮ್ಮನ ಎರಡು ಬಳೆ ವಾಪಸ್ ಬಂದಿವೆ, ಎರಡು ಬಾಕಿ ಇವೆ.

ಈ ಮಳೆಗಾಲ ಧಕ್ಕೆಯ ಇನ್ನಿಬ್ಬರು ಬೋಟಿನವರು ಮನೆಗೆ ಬಂದಿದ್ದರು. ಹಗ್ಗದಲ್ಲಿ ಬಂದ ಬೋಟೆಂದು ನಕ್ಕಿದ್ದವರಲ್ಲಿ ಒಬ್ಬರು ಅವರಲ್ಲಿದ್ದರು. ಕೂತ ಕೂಡಲೇ ಕೇಳಿದ್ದು ಅದೇ ಪ್ರಶ್ನೆ: ‘ಎಷ್ಟು ಜೋರು ಹೋಗ್ತದೆ?’

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಹೇಳಿದರು: ‘ಅದು ಆಮೇಲೆ ಮಾರಾಯ. ನೀನು ದಿನಕ್ಕೆ ಎಷ್ಟು ಟ್ರಿಪ್ ಹೊಡೀತೆ, ಎಷ್ಟು ದೂರ ಹೋಗ್ತೆ, ಮೊದಲು ಅದನ್ನ ಹೇಳು.’